ಎರಡರಿಂದ ನಾಲ್ಕರ ಕಾವಲು

(ಚಿತ್ರದುರ್ಗದಲ್ಲಿ ಕಾಲೇಜು ಹುಡುಗ ಹುಡುಗಿಯರ ಮುಂದೆ ಆಡಿದ ಮಾತುಗಳು ಇವು. ಆಮೇಲೆ ಮನೆಯಲ್ಲಿ ಕೂತು ಬರೆದೆ. ಮಾತಿನ ಭರದಲ್ಲಿ ನುಗ್ಗಿದ ಹಿಂದಿಯನ್ನು ಆದಷ್ಟು ತೆಗೆದಿದ್ದೇನೆ. ಹೋಗಲೊಲ್ಲದ್ದು ಹಾಗೇ ಉಳಿದಿದೆ.)

ಎಲ್ಲರಿಗೂ ನಮಸ್ಕಾರ.

ಮೈಕ್ ಮುಂದೆ ಮಾತಾಡಿ ನನಗೆ ಅಭ್ಯಾಸವಿಲ್ಲ. 1996ರಲ್ಲಿ ಸೈನ್ಯಕ್ಕೆ ಸೇರಿದೆ, 2020ರಲ್ಲಿ ಹವಾಲ್ದಾರ್ ಆಗಿ ಮನೆಗೆ ಬಂದೆ. ಈ ಇಪ್ಪತ್ನಾಲ್ಕು ವರ್ಷದಲ್ಲಿ ಆಡಿದ್ದಕ್ಕಿಂತ ಕೇಳಿಸಿಕೊಂಡದ್ದೇ ಜಾಸ್ತಿ. ನನ್ನನ್ನು ಕರೆದವರು ಫೋನಿನಲ್ಲಿ "ಯುದ್ಧದ ಅನುಭವ ಹೇಳಿ ಸಾರ್" ಅಂದರು. ನಾನು ಹೇಳಿದೆ, ಅದನ್ನು ಹೇಳುವವರು ಬೇಕಾದಷ್ಟು ಜನ ಇದ್ದಾರೆ. ನಾನು ಸೈನ್ಯದಲ್ಲಿ ಜಾಸ್ತಿ ಮಾಡಿದ್ದು ಹಾಸಿಗೆ ಮಡಚಿದ್ದು, ಸಾಲಿನಲ್ಲಿ ನಿಂತದ್ದು, ಪಾತ್ರೆ ಉಜ್ಜಿದ್ದು, ಊರು ನೆನೆಸಿಕೊಂಡದ್ದು. ಬೇಕಾದರೆ ಅದನ್ನು ಹೇಳುತ್ತೇನೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು "ಆಯ್ತು ಸಾರ್, ಅದೂ ನಡೆಯುತ್ತೆ" ಅಂದರು. ಆ ‘ಅದೂ’ ನನಗೆ ಚೆನ್ನಾಗಿ ಕೇಳಿಸಿತು.

ನಮ್ಮ ಕೋಟೆಯಿಂದಲೇ ಶುರು ಮಾಡೋಣ. ಓಬವ್ವನ ಕಥೆ ನಿಮಗೆಲ್ಲ ಬಾಯಿಪಾಠ. ಆ ಕಥೆಯಲ್ಲಿ ಎಲ್ಲರೂ ಒನಕೆ ನೋಡುತ್ತಾರೆ. ನಾನು ಊಟದ ತಟ್ಟೆ ನೋಡುತ್ತೇನೆ. ಕಾವಲುಗಾರ ಮುದ್ದಹನುಮ ಕಹಳೆ ಕೆಳಗಿಟ್ಟು ಊಟಕ್ಕೆ ಮನೆಗೆ ಬಂದಿದ್ದ. ಓಬವ್ವ ಅವನಿಗೆ ಕುಡಿಯುವ ನೀರು ತರಲು ಹೋದಳು. ಕಿಂಡಿಯಲ್ಲಿ ಹೈದರಾಲಿಯ ಸೈನಿಕರು ತೂರಿ ಬರುವುದು ಕಂಡಿತು. ಮುಂದಿನದು ನಿಮಗೇ ಗೊತ್ತು. ಆದರೆ ಸ್ವಲ್ಪ ಯೋಚನೆ ಮಾಡಿ. ಒಬ್ಬ ಸಂತ್ರಿ, ಡ್ಯೂಟಿಯ ನಡುವೆ ಮನೆಗೆ ಹೋಗಿ, ಹೆಂಡತಿ ಬಡಿಸಿದ್ದು ಉಂಡು, ವಾಪಸ್ ಬರಬಹುದಿತ್ತು! ಅವನ ಮನೆ ಕೋಟೆಯ ಒಳಗೇ ಇತ್ತು. ತಾನು ಕಾಯುತ್ತಿರುವುದು ಏನನ್ನು ಅಂತ ಅವನಿಗೆ ಯಾರೂ ಭಾಷಣ ಮಾಡಿ ಹೇಳಬೇಕಿರಲಿಲ್ಲ. ಒಲೆ ಹೊಗೆ ಕಾಣುತ್ತಿತ್ತು. ಸೈನ್ಯದ ಮೊದಲ ವರ್ಷ, ಒಂದು ರಾತ್ರಿ ಕಾವಲು ನಿಂತಾಗ ಈ ಕಥೆ ನೆನಪಾಯಿತು. ನನಗೆ ಹೆಮ್ಮೆ ಆಗಲಿಲ್ಲ. ಹೊಟ್ಟೆಕಿಚ್ಚಾಯಿತು.

ಇನ್ನೊಂದು, ವೀರಗಲ್ಲು. ನಮ್ಮ ಜಿಲ್ಲೆಯಲ್ಲಿ ಊರಾಚೆ, ಕೆರೆ ಏರಿ ಹತ್ತಿರ, ಅರ್ಧ ಹೂತುಹೋಗಿ ನಿಂತಿರುತ್ತವೆ. ಬಹಳಷ್ಟು ಕಲ್ಲುಗಳಲ್ಲಿ ಮೂರು ಅಂತಸ್ತು. ಕೆಳಗೆ ಹೋರಾಟ, ನಡುವೆ ಸತ್ತ ವೀರನನ್ನು ಅಪ್ಸರೆಯರು ಕರೆದುಕೊಂಡು ಹೋಗುವುದು, ಮೇಲೆ ಶಿವಲಿಂಗದ ಮುಂದೆ ಅವನು. ಚೆನ್ನಾಗಿ ಕೆತ್ತಿದ್ದಾರೆ. ಆದರೆ ಹೋರಾಟಕ್ಕೆ ಮುಂಚೆ ಅವನು ಎಷ್ಟು ದಿನ ಕಾದ, ಎಲ್ಲಿ ಮಲಗಿದ, ಯಾರ ಅಡುಗೆ ಉಂಡ ಅನ್ನುವುದಕ್ಕೆ ಆ ಕಲ್ಲಿನಲ್ಲಿ ಅಂತಸ್ತೇ ಇಲ್ಲ. ನಾನು ಹೇಳುವುದೆಲ್ಲ ಆ ಇಲ್ಲದ ಅಂತಸ್ತಿನ ವಿಷಯ.

ನಮ್ಮೂರು ಚಳ್ಳಕೆರೆ ತಾಲ್ಲೂಕು. ಒಂದು ಕಡೆ ಶೇಂಗಾ ಹೊಲ, ಇನ್ನೊಂದು ಕಡೆ ಕಾವಲು. ಅಮೃತ ಮಹಲ್ ಕಾವಲು ಅಂದರೆ ಹುಲ್ಲುಗಾವಲು, ನಾನು ಈಗ ಹೇಳಿದ ಪಹರೆಯ ಕಾವಲಲ್ಲ. ಆದರೆ ಅದಕ್ಕೂ ಸೈನ್ಯಕ್ಕೂ ನಂಟಿದೆ. ಹೈದರಾಲಿ, ಟಿಪ್ಪು ಕಾಲದಲ್ಲಿ ಫಿರಂಗಿ ಎಳೆದದ್ದು ಈ ತಳಿಯ ಎತ್ತುಗಳೇ. ‘ಅಮೃತ ಮಹಲ್’ ಅನ್ನುವ ಹೆಸರು ಕೊಟ್ಟವನು ಟಿಪ್ಪು. ಹಾಗಾಗಿ ನಮ್ಮ ಕಡೆಯಿಂದ ನನಗಿಂತ ಮುಂಚೆ ಸೈನ್ಯಕ್ಕೆ ಹೋದವು ಎತ್ತು ಅಂತ ನಾನು ತಮಾಷೆ ಮಾಡುತ್ತಿರುತ್ತೇನೆ.

ಎತ್ತಿನ ಮಾತು ಬಂತಲ್ಲ, ಒಂದು ಹೇಳಿಬಿಡುತ್ತೇನೆ. ನಾನು ಐದನೇ ಕ್ಲಾಸಿನಲ್ಲಿದ್ದಾಗ ಮಳೆ ಕೈಕೊಟ್ಟು ಅಪ್ಪ ಒಂದು ಎತ್ತು ಮಾರಿದ. ಮೂರನೇ ದಿನ ಬೆಳಗ್ಗೆ ಅವ್ವ ಬಾಗಿಲು ತೆಗೆದರೆ ಎತ್ತು ಅಂಗಳದಲ್ಲಿ ನಿಂತಿದೆ. ಕೊರಳಲ್ಲಿ ಹರಿದ ಹಗ್ಗ. ಕಾಲೆಲ್ಲ ಕೆಸರು. ಅವ್ವ ಅತ್ತಳು. ನಾನು ಕುಣಿದೆ. ಅಪ್ಪ ಏನೂ ಮಾತಾಡಲಿಲ್ಲ. ಅದಕ್ಕೆ ನೀರು ಕುಡಿಸಿದ, ಒಂದು ಹೊರೆ ಮೇವು ಹಾಕಿದ, ಮೈ ಉಜ್ಜಿದ. ಹೊತ್ತು ಏರುವ ಮುಂಚೆ ತಾನೇ ಹಗ್ಗ ಹಿಡಿದು ಕೊಂಡವರ ಊರಿಗೆ ನಡೆಸಿಕೊಂಡು ಹೋದ. ದುಡ್ಡು ತಗೊಂಡಾಗಿತ್ತು.

ಈಗ ಬೆಂಗಳೂರಿಗೆ ಬನ್ನಿ. ಹಲಸೂರು ಕೆರೆ ಪಕ್ಕ ಮದ್ರಾಸ್ ಎಂಜಿನಿಯರ್ ಗ್ರೂಪಿನ ಸೆಂಟರ್. ಸೇತುವೆ ಕಟ್ಟುವುದು, ರಸ್ತೆ ಮಾಡುವುದು, ಮೈನು, ಅಂದರೆ ನೆಲದಡಿಯ ಸಿಡಿಗುಂಡು, ಹೂಳುವುದು, ತೆಗೆಯುವುದು ಕಲಿಸುವ ಜಾಗ. ಅಲ್ಲಿ ನಮ್ಮನ್ನು ‘ತಂಬಿ’ ಅಂತ ಕರೆಯುತ್ತಾರೆ. ನಾನು ಚಳ್ಳಕೆರೆಯ ತಂಬಿ. ನನಗೆ ಬರುತ್ತಿದ್ದ ಹಿಂದಿ ‘ಪಾನಿ’, ‘ಖಾನಾ’ ಎರಡೇ ಶಬ್ದ. ತಮಿಳು ಅದೂ ಇಲ್ಲ. ಉಸ್ತಾದರು, ಅಂದರೆ ನಮಗೆ ಕಲಿಸುವವರು, ಏನೋ ಕೂಗುತ್ತಿದ್ದರು, ಪಕ್ಕದವನು ಮಾಡಿದ್ದು ನೋಡಿ ನಾನೂ ಮಾಡುತ್ತಿದ್ದೆ. ಪಕ್ಕದವನು ತಪ್ಪು ಮಾಡಿದರೆ ಇಬ್ಬರಿಗೂ ರಗಡಾ. ರಗಡಾ ಅಂದರೆ ಮೈದಾನದಲ್ಲಿ ಉರುಳಿಸುವುದು, ತೆವಳಿಸುವುದು, ಓಡಿಸುವುದು. ಹೆಸರೇ ಹೇಳುತ್ತದಲ್ಲ.

ಇಡೀ ನೌಕರಿಯಲ್ಲಿ ಊರು ನನ್ನನ್ನು ಅತಿ ಜಾಸ್ತಿ ಕಾಡಿದ್ದು ಅಲ್ಲಿ. ಕಾಶ್ಮೀರದಲ್ಲಲ್ಲ, ರಾಜಸ್ಥಾನದಲ್ಲಲ್ಲ. ಬೆಂಗಳೂರಿಂದ ದುರ್ಗಕ್ಕೆ 200 ಕಿಲೋಮೀಟರ್. ಮೆಜೆಸ್ಟಿಕ್ಕಿನಲ್ಲಿ ಬಸ್ ಹತ್ತಿದರೆ ಸಂಜೆ ಊಟಕ್ಕೆ ಮನೆಯಲ್ಲಿರಬಹುದು. ಗೋಡೆ ಆಚೆ ಕನ್ನಡ ಕೇಳಿಸುತ್ತಿತ್ತು, ಸೊಪ್ಪು ಮಾರುವವರ ಕೂಗು. ದೂರ ಇದ್ದರೆ ಮನಸ್ಸು ಆಸೆ ಬಿಡುತ್ತದೆ. ಹತ್ತಿರ ಇದ್ದರೆ ದಾರಿ ಲೆಕ್ಕ ಹಾಕುತ್ತಾ ಕೂರುತ್ತದೆ.

ನಮ್ಮ ಬ್ಯಾರಕ್ಕಿನಲ್ಲಿ ತುಮಕೂರು ಕಡೆಯ ಹುಡುಗನೊಬ್ಬನಿದ್ದ. ಎರಡನೇ ತಿಂಗಳು ಒಂದು ರಾತ್ರಿ ಗೋಡೆ ಹಾರಿ ಹೋದ. ಮೂರನೇ ದಿನ ವಾಪಸ್ ಬಂದ. ಅವರಪ್ಪನೇ ಕರೆದುಕೊಂಡು ಬಂದಿದ್ದರು. ಬಿಳಿ ಪಂಚೆ, ಕೈಯಲ್ಲಿ ವೈರ್ ಬ್ಯಾಗು. ಗೇಟಿನ ಹತ್ತಿರ ಅವರು ಮಗನ ಅಂಗಿ ಕಾಲರ್ ಸರಿ ಮಾಡಿದ್ದನ್ನು ನಾನು ನೋಡಿದೆ. ಅವನಿಗೆ ಸಿಗಬೇಕಾದ ರಗಡಾ ಸಿಕ್ಕಿತು. ರಾತ್ರಿ ಅವನು ಬ್ಯಾಗಿನಿಂದ ರೊಟ್ಟಿ ತೆಗೆದು ನಮಗೆಲ್ಲ ಹಂಚಿದ. ನಾನು ತಿನ್ನುತ್ತಾ ಅಪ್ಪ ಹಗ್ಗ ಹಿಡಿದು ನಡೆದದ್ದನ್ನೇ ನೆನೆಸಿಕೊಂಡೆ. ಆ ಹುಡುಗ ಮುಂದೆ ನನಗಿಂತ ಒಳ್ಳೆ ಸಿಪಾಯಿ ಆದ.

ನಿಧಾನಕ್ಕೆ ನನಗೊಂದು ಗೊತ್ತಾಯಿತು. ಸೈನ್ಯದ ದಿನಚರಿ ಇದೆಯಲ್ಲ, ಅದನ್ನು ಮಾಡಿದವರಿಗೆ ಊರಿನ ನೆನಪು ಏನು ಅನ್ನುವುದು ಚೆನ್ನಾಗಿ ಗೊತ್ತಿತ್ತು. ಎಲ್ಲೂ ಸಂದಿ ಬಿಟ್ಟಿಲ್ಲ. ನಾಲ್ಕೂವರೆಗೆ ಎಬ್ಬಿಸುತ್ತಾರೆ. ತಣ್ಣೀರಲ್ಲಿ ದಾಡಿ, ಕಂಬಳಿ ಅಂಚಿಗೆ ಅಂಚು ಕೂಡಿಸಿ ಮಡಚುವುದು, ಮಗ್ಗಿನಲ್ಲಿ ಚಹಾ, ಪಿಟಿ. ಪಿಟಿಯಿಂದ ಬಂದು ಬಟ್ಟೆ ಬದಲಿಸಲು ಸಿಗುವುದು ಬೆರಳೆಣಿಕೆ ನಿಮಿಷ. ಆಮೇಲೆ ನಾಷ್ಟಾ, ಫಾಲಿನ್ ಅಂದರೆ ಸಾಲುಗಟ್ಟಿ ನಿಲ್ಲುವುದು, ಡ್ರಿಲ್ಲು, ಕ್ಲಾಸು. ಮಧ್ಯಾಹ್ನ ಲಂಗರಿನಲ್ಲಿ ಸಾಲು. ಲಂಗರ್ ಅಂದರೆ ನಮ್ಮ ಅಡುಗೆ ಮನೆ. ಸಂಜೆ ಆಟ, ಅದೂ ಪರೇಡೇ, ಆಡಲು ಮನಸ್ಸಿಲ್ಲ ಅನ್ನುವಂತಿಲ್ಲ. ಆಮೇಲೆ ಬೂಟಿಗೆ ಪಾಲಿಶ್. ಬೂಟಿನ ತುದಿಯಲ್ಲಿ ಮುಖ ಕಾಣಬೇಕು. ಒಂದು ಬೂಟಿಗೆ ಅರ್ಧ ಗಂಟೆ ಬೇಕು, ಆ ಅರ್ಧ ಗಂಟೆ ನಿಮಗೆ ಬೇರೇನೂ ಹೊಳೆಯುವುದಿಲ್ಲ. ರಾತ್ರಿ ರೋಲ್ ಕಾಲ್‌ನಲ್ಲಿ ನಾಳೆ ಯಾರು ಎಲ್ಲಿ ಅಂತ ಓದುತ್ತಾರೆ. ಅದು ಮುಗಿದರೆ ದಿಂಬಿಗೆ ತಲೆ ಮುಟ್ಟುವ ಮೊದಲೇ ನಿದ್ದೆ. ಅಳಲು ಪುರುಸೊತ್ತು ಎಲ್ಲಿದೆ ಹೇಳಿ? ಮೊದಲು ನಾನು ಇದನ್ನು ಹಿಂಸೆ ಅಂದುಕೊಂಡಿದ್ದೆ. ಈಗ ಔಷಧಿ ಅನ್ನುತ್ತೇನೆ. ಕಹಿ ಔಷಧಿ.

ಆದರೆ ಎಷ್ಟೇ ಬಿಗಿ ಮಾಡಿದರೂ ಎರಡು ಕಡೆ ಸೋರುತ್ತದೆ. ಒಂದು, ಭಾನುವಾರ ಮಧ್ಯಾಹ್ನ. ಬೆಳಗ್ಗೆ ಮಂದಿರ್ ಪರೇಡ್ ಮುಗಿದಿರುತ್ತದೆ, ಬಟ್ಟೆ ಒಗೆದು ತಂತಿಗೆ ಹಾಕಿರುತ್ತೀರಿ. ಒಣಗುವ ತನಕ ಕೆಲಸವಿಲ್ಲ. ಇನ್ನೊಂದು, ರಾತ್ರಿ ಎರಡರಿಂದ ನಾಲ್ಕರ ಪಹರೆ.

ಗಾರ್ಡ್ ಡ್ಯೂಟಿ ಅಂದರೆ ಎರಡು ಗಂಟೆ ನಿಲ್ಲುವುದು, ನಾಲ್ಕು ಗಂಟೆ ಬಿಡುವು, ಮತ್ತೆ ಎರಡು ಗಂಟೆ. ಮೂರು ಜನ ಸುತ್ತುತ್ತಾರೆ. ಹತ್ತರಿಂದ ಹನ್ನೆರಡರದ್ದು ಸಲೀಸು, ಊರು ಇನ್ನೂ ಎಚ್ಚರ ಇರುತ್ತದೆ. ಎರಡರಿಂದ ನಾಲ್ಕು ಯಾರಿಗೂ ಬೇಡ. ಯಾರಾದರೂ ಬಂದರೆ "ಥಮ್! ಕೌನ್ ಆತಾ ಹೈ?" ಅಂತ ಕೂಗಬೇಕು. ನಿಲ್ಲು, ಯಾರು ಬರುತ್ತಿರುವುದು ಅಂತ. ಆ ಹೊತ್ತಿನಲ್ಲಿ ಬರುವವರು ಮನುಷ್ಯರಲ್ಲ. ನಾಯಿ ಬರುತ್ತದೆ, ಮಂಜು ಬರುತ್ತದೆ, ಅವ್ವ ಬರುತ್ತಾಳೆ. ಥಮ್ ಅಂದರೆ ಅವಳು ನಿಲ್ಲುವುದಿಲ್ಲ.

ಮತ್ತೆ ಆ ನೆನಪಿನಲ್ಲಿ ದೊಡ್ಡದೇನೂ ಇರುವುದಿಲ್ಲ. ನನಗೆ ಬರುತ್ತಿದ್ದದ್ದು ಚಳ್ಳಕೆರೆಯ ಎಣ್ಣೆ ಮಿಲ್ಲುಗಳ ಹಿಂಡಿ ವಾಸನೆ. ಊರಲ್ಲಿದ್ದಾಗ ಮೂಗು ಮುಚ್ಚಿಕೊಂಡು ದಾಟುತ್ತಿದ್ದೆ! ಇನ್ನೊಂದು, ಮುದ್ದೆ ತೊಳಸುವಾಗ ಪಾತ್ರೆ ನೆಲಕ್ಕೆ ತಾಗಿ ಆಗುವ ಸದ್ದು. ಅವ್ವನ ಮುಖ ನೆನಪು ಮಾಡಿಕೊಳ್ಳಲು ಹೋದರೆ ಸರಿಯಾಗಿ ಬರುತ್ತಿರಲಿಲ್ಲ. ಆ ಸದ್ದು ಮಾತ್ರ ಕರೆಯದೆ ಬರುತ್ತಿತ್ತು.

ಪ್ರತಿಯೊಬ್ಬ ಜವಾನನಿಗೆ ಒಂದು ಕಪ್ಪು ಟ್ರಂಕು ಇರುತ್ತದೆ. ಮೇಲೆ ಬಿಳಿ ಬಣ್ಣದಲ್ಲಿ ನಂಬರು, ಹೆಸರು. ಅವನ ಸ್ವಂತದ್ದು ಅಂತ ಇರುವ ಜಾಗ ಅದೊಂದೇ. ನನ್ನದರಲ್ಲಿ ವಿಭೂತಿ, ಒಂದು ಫೋಟೋ, ಕಾಗದಗಳ ಕಟ್ಟು, ಹಾರ್ಲಿಕ್ಸ್ ಬಾಟಲಿಯಲ್ಲಿ ಶೇಂಗಾ ಚಟ್ನಿಪುಡಿ. ಅವ್ವ ಬೆಳ್ಳುಳ್ಳಿ ಧಾರಾಳವಾಗಿ ಹಾಕುತ್ತಿದ್ದಳು. ಮೊದಲ ಯೂನಿಟ್ಟಿನಲ್ಲಿ ದಾಲ್ ಮೇಲೆ ದಾಲ್ ಬಂದಾಗ ನಾನು ಬಾಟಲಿ ತೆಗೆಯುತ್ತಿದ್ದೆ. ಪಕ್ಕದಲ್ಲಿ ಅಸ್ಸಾಮಿನವನು, ಎದುರಿಗೆ ಕೇರಳದವನು. ನಾನು ದಿನಕ್ಕೆ ಒಂದು ಚಮಚ ಅಂತ ಲೆಕ್ಕ ಇಟ್ಟಿದ್ದೆ. ಅವರು ಲೆಕ್ಕ ಇಡಲಿಲ್ಲ. ಹನ್ನೊಂದು ದಿನಕ್ಕೆ ಖಾಲಿ.

ಬಾಟಲಿ ಬಿಸಾಡಲು ಮನಸ್ಸು ಬರಲಿಲ್ಲ. ತೊಳೆದು ಅದರಲ್ಲಿ ಸೂಜಿ, ದಾರ, ಅಂಗಿ ಗುಂಡಿ ಹಾಕಿಟ್ಟೆ. ತೊಳೆದರೂ ಮುಚ್ಚಳದ ವಾಸನೆ ಹೋಗಿರಲಿಲ್ಲ. ಒಂದು ದಿನ ಇನ್ಸ್‌ಪೆಕ್ಷನ್. ಸುಬೇದಾರ್ ಸಾಹೇಬರು ನನ್ನ ಮುಂದೆ ನಿಂತರು, ಮೂಗು ಅರಳಿಸಿದರು, ಬಗ್ಗಿ ನನ್ನ ಎದೆಯ ಹತ್ತಿರ ಮೂಸಿದರು. ಹಿಂದಿನ ರಾತ್ರಿ ಹೊಲಿದ ಗುಂಡಿಯಲ್ಲಿ ಬೆಳ್ಳುಳ್ಳಿ ವಾಸನೆ! "ತಂಬಿ, ಯೂನಿಫಾರ್ಮಿಗೆ ಒಗ್ಗರಣೆ ಹಾಕಿದ್ದೀಯಾ?" ಅನ್ನುವ ಅರ್ಥದಲ್ಲಿ ಏನೋ ಕೇಳಿದರು. ಸಾಲಿನಲ್ಲಿ ಯಾರೂ ನಗುವಂತಿಲ್ಲ. ಅಸ್ಸಾಮಿನವನ ಹೊಟ್ಟೆ ಕುಣಿಯುತ್ತಿದ್ದದ್ದು ಮಾತ್ರ ನನಗೆ ಗೊತ್ತಾಗುತ್ತಿತ್ತು.

ಕಾಗದದ ಬಗ್ಗೆ ಹೇಳಬೇಕು. ನಿಮ್ಮಲ್ಲಿ ಇನ್‌ಲ್ಯಾಂಡ್ ಲೆಟರ್ ನೋಡಿದವರು ಕೈ ಎತ್ತಿ ಅಂದೆ, ಇಬ್ಬರು ಮೇಷ್ಟ್ರು ಎತ್ತಿದರು. ನಮ್ಮ ವಿಳಾಸದಲ್ಲಿ ಊರ ಹೆಸರು ಇರುವುದಿಲ್ಲ. ನಂಬರು, ರ‍್ಯಾಂಕು, ಹೆಸರು, ಯೂನಿಟ್ಟು, ಕೊನೆಗೆ ‘56 ಎಪಿಓ’. ಪೂರ್ವದ ಕಡೆ ಇದ್ದರೆ ‘99 ಎಪಿಓ’. ಎಪಿಓ ಅಂದರೆ ಆರ್ಮಿ ಪೋಸ್ಟ್ ಆಫೀಸು. ಅಷ್ಟೇ. ನಾವು ಎಲ್ಲಿದ್ದೇವೆ ಅನ್ನುವುದು ಬರೆದವರಿಗೆ ಗೊತ್ತಾಗಬಾರದು. ಅವ್ವ ಬಹಳ ದಿನ 56 ಎಪಿಓ ಅನ್ನುವುದು ಒಂದು ಊರು ಅಂತಲೇ ತಿಳಿದಿದ್ದಳು. "ಅಲ್ಲಿ ಮಳೆ ಹೆಂಗೈತೆ?" ಅಂತ ಬರೆಸುತ್ತಿದ್ದಳು.

ಬರೆಸುತ್ತಿದ್ದಳು ಅಂದೆ. ಅವಳಿಗೆ ಓದು ಬರಹ ಇಲ್ಲ. ಪಕ್ಕದ ಮನೆಯ ಏಳನೇ ಕ್ಲಾಸಿನ ಹುಡುಗ ಬರೆಯುತ್ತಿದ್ದ. ‘ಇತ್ತ ಎಲ್ಲಾ ಕ್ಷೇಮ, ಅತ್ತ ನಿಮ್ಮ ಕ್ಷೇಮಕ್ಕೆ ಪತ್ರ ಬರೆಯುತ್ತಿರಬೇಕು’ ಅಂತ ಶುರು. ಆಮೇಲೆ ಅವ್ವನದ್ದು. ಕಡೆಗೆ ಜಾಗ ಉಳಿದರೆ ಅವನದ್ದೇ ಸ್ವಂತ ಸುದ್ದಿ. ಕ್ರಿಕೆಟ್ಟಿನಲ್ಲಿ ಯಾರು ಗೆದ್ದರು, ಊರಿಗೆ ಬಂದ ಹೊಸ ಬಸ್ಸು, ಅವನಿಗೆ ಗಣಿತದಲ್ಲಿ ಬಂದ ಮಾರ್ಕು. ಒಂದು ಸಲ ‘ನಿಮ್ಮ ಅವ್ವ ಈಗ ಅಳುತ್ತಿದ್ದಾರೆ, ಅದನ್ನು ಬರೆಯಬೇಡ ಎಂದಿದ್ದಾರೆ’ ಅಂತ ಬರೆದಿದ್ದ. ಆ ಹುಡುಗನನ್ನು ನಾನು ಇವತ್ತಿಗೂ ಮರೆತಿಲ್ಲ. ಅಪ್ಪ ತಾನೇ ಬರೆಯುತ್ತಿದ್ದ, ದೊಡ್ಡ ಅಕ್ಷರ, ನಾಲ್ಕೇ ಸಾಲು. ಶೇಂಗಾಕ್ಕೆ ಇಷ್ಟು ರೇಟಾಯಿತು. ಕೆಂದ ಆಕಳು ಕರು ಹಾಕಿತು. ಬೋರ್ ಕೊರೆಸಿದೆವು, ನೀರು ಬೀಳಲಿಲ್ಲ. ‘ಹೇಗಿದ್ದೀಯ’ ಅಂತ ಅಪ್ಪ ಯಾವತ್ತೂ ಕೇಳಲಿಲ್ಲ.

ಕಾಗದ ಬರಲು ಹತ್ತು ದಿನ, ಹದಿನೈದು ದಿನ. ಮಳೆ ಬಂತು ಅಂತ ಓದುವ ಹೊತ್ತಿಗೆ ಊರಲ್ಲಿ ಮತ್ತೆ ಬಿಸಿಲು. ಜಗಳದ ಸುದ್ದಿ ಬಂದರೆ ಅವರು ಆಗಲೇ ರಾಜಿ ಆಗಿರುತ್ತಿದ್ದರು. ಆಗ ಬೇಜಾರಾಗುತ್ತಿತ್ತು. ಈಗ ಅನ್ನಿಸುತ್ತದೆ, ಆ ಹದಿನೈದು ದಿನ ಒಂದು ಉಪಕಾರವೇ ಆಗಿತ್ತು. ಊರಿನ ಬಿಸಿ ನಮಗೆ ಮುಟ್ಟುವಾಗ ಆರಿರುತ್ತಿತ್ತು.

ಆಮೇಲೆ ಎಸ್‌ಟಿಡಿ ಬೂತ್ ಬಂತು. ರಾತ್ರಿ ರೇಟು ಕಮ್ಮಿ, ಆಗ ಸಾಲು. ನಮ್ಮ ಮನೆಗೆ ಫೋನಿಲ್ಲ, ಕಿರಾಣಿ ಅಂಗಡಿಯವರದ್ದು ಪಿಪಿ ನಂಬರು. ಅವರಿಗೆ ಮೊದಲು ಫೋನ್ ಮಾಡಿ ಅವ್ವನನ್ನು ಕರೆಸಿ ಅನ್ನಬೇಕು. ಹತ್ತು ನಿಮಿಷ ಬಿಟ್ಟು ಮತ್ತೆ ಮಾಡಬೇಕು. ಅವ್ವ ಓಡಿ ಬಂದು ಏದುಸಿರು ಬಿಡುತ್ತಾ "ಉಂಡ್ಯೇನಪ್ಪಾ?" ಅನ್ನುತ್ತಿದ್ದಳು. ಮೀಟರಿನ ಕೆಂಪು ಅಂಕಿ ಏರುತ್ತಿರುತ್ತದೆ, ಅವಳು ಸುಧಾರಿಸಿಕೊಳ್ಳುತ್ತಿರುತ್ತಾಳೆ. ನಾನು ಆ ಉಸಿರಿಗೇ ದುಡ್ಡು ಕೊಟ್ಟಿದ್ದೇನೆ.

2001ರ ಡಿಸೆಂಬರ್‌ನಲ್ಲಿ ಸಂಸತ್ತಿನ ಮೇಲೆ ದಾಳಿ ಆಯಿತು. ಸೈನ್ಯ ಗಡಿಗೆ ಹೊರಟಿತು. ಆಪರೇಷನ್ ಪರಾಕ್ರಮ್. ನಮ್ಮಂಥ ಎಂಜಿನಿಯರ್ ತುಕಡಿಗಳಿಗೆ ಮೈನು ಹೂಳುವ ಕೆಲಸ. ನಾವು ರಾಜಸ್ಥಾನದಲ್ಲಿದ್ದೆವು. ಇವತ್ತು ಯುದ್ಧ, ನಾಳೆ ಯುದ್ಧ ಅಂತ ಜನವರಿ ಹೋಯಿತು, ಚಳಿ ಹೋಗಿ ಬಿಸಿಲು ಬಂತು, ಮರಳು ಕಾದು ಬೂಟಿನೊಳಗೆ ಕಾಲು ಬೇಯುತ್ತಿತ್ತು. ಅಕ್ಟೋಬರ್ ತನಕ ಅಲ್ಲೇ. ಹತ್ತು ತಿಂಗಳು. ಯುದ್ಧ ಆಗಲಿಲ್ಲ. ಆಮೇಲೆ ಹೂಳಿದ ಮೈನುಗಳನ್ನೆಲ್ಲ ತೆಗೆಯುವುದು, ಅದು ಹೂಳಿದ್ದಕ್ಕಿಂತ ಅಪಾಯದ ಕೆಲಸ. ಎಣಿಸಿ ಹೂಳಿದ್ದನ್ನು ಎಣಿಸಿ ತೆಗೆಯಬೇಕು, ಮರಳು ಮಾತ್ರ ಇಟ್ಟಲ್ಲಿ ಇರುವುದಿಲ್ಲ. ಅದರ ಬಗ್ಗೆ ಇಷ್ಟು ಸಾಕು.

ಏಪ್ರಿಲ್‌ನಲ್ಲಿ ಯುಗಾದಿ ಬಂತು. ರಾಜಸ್ಥಾನದಲ್ಲಿ ಬೇವಿನ ಮರಕ್ಕೆ ಕೊರತೆ ಇಲ್ಲ, ಲಂಗರಿನಲ್ಲಿ ಬೆಲ್ಲ ಇತ್ತು. ಹಾಸನದವನೊಬ್ಬ, ನಾನು, ಇಬ್ಬರೇ ಕನ್ನಡದವರು. ಬೇವು ಬೆಲ್ಲ ಮಾಡಿ ಇಡೀ ಸೆಕ್ಷನ್‌ಗೆ ಹಂಚಿದೆವು. ಬಿಹಾರದವನು ಬೆಲ್ಲ ಆರಿಸಿ ತಿಂದ, ಬೇವು ವಾಪಸ್ ಕೊಟ್ಟ. ಹಾಸನದವನಿಗೆ ಅವತ್ತು ಹುಚ್ಚು ಹತ್ತಿತು, ಮುದ್ದೆ ತಿನ್ನಲೇಬೇಕು. ರಾಗಿ ಎಲ್ಲಿಂದ ತರುವುದು? ಅಲ್ಲಿ ಸಿಗುವುದು ಸಜ್ಜೆ. ಸಜ್ಜೆ ಹಿಟ್ಟನ್ನೇ ಕುದಿಯುವ ನೀರಿಗೆ ಹಾಕಿ, ಟೆಂಟಿನ ಗೂಟ ತೊಳೆದು ಅದರಲ್ಲೇ ತೊಳಸಿದ. ಅರ್ಧ ಗಂಟು, ಅರ್ಧ ಹಸಿ. ತಟ್ಟೆಗೆ ಹಾಕಿದರೆ ಮುದ್ದೆ ಕೂರಲಿಲ್ಲ, ಹರಿದುಕೊಂಡು ಹೋಯಿತು. ದಾಲ್‌ನಲ್ಲಿ ಅದ್ದಿ ನುಂಗಿದೆವು. ಮುದ್ದೆ ಅಗಿಯಬಾರದು ಅಂತ ಬಿಹಾರದವನಿಗೆ ಹೇಳಿಕೊಟ್ಟೆವು. ಅವನು ನುಂಗಿ, ಕಣ್ಣು ಬಿಟ್ಟು, ನಿಮ್ಮ ಊರಿನಲ್ಲಿ ಇದು ಊಟವೋ ಶಿಕ್ಷೆಯೋ ಅಂತ ಕೇಳಿದ.

ಇನ್ನೊಂದು ವಿಷಯ ಹೇಳದೆ ಮುಂದೆ ಹೋಗಲಾರೆ. ಇದು ಪರಾಕ್ರಮಕ್ಕೆ ಮುಂಚಿನದು, 2000ದ ಚಳಿಗಾಲ. ಜಮ್ಮು ಕಡೆ ಇದ್ದೆ. ‘ಫಾದರ್ ಸೀರಿಯಸ್, ಕಮ್ ಸೂನ್’ ಅಂತ ಟೆಲಿಗ್ರಾಂ ಬಂತು. ಸೀರಿಯಸ್ ಅಂದರೆ ಏನು ಅಂತ ಬ್ಯಾರಕ್ಕಿನಲ್ಲಿ ಎಲ್ಲರಿಗೂ ಗೊತ್ತು. ಆದರೆ ರಜೆಗಾಗಿ ಸುಳ್ಳು ಟೆಲಿಗ್ರಾಂ ತರಿಸುವವರೂ ಇರುತ್ತಿದ್ದರು, ಅದೂ ಎಲ್ಲರಿಗೂ ಗೊತ್ತು. ಹಾಗಾಗಿ ಆಫೀಸಿನಲ್ಲಿ ಒಬ್ಬರು ಕಾಗದ ತಿರುಗಿಸಿ ಮುರುಗಿಸಿ ನೋಡಿ "ನಿಜವೇನಾ?" ಅಂತ ಕೇಳಿದರು. ಅವರದ್ದೂ ತಪ್ಪಲ್ಲ ಅಂತ ಈಗ ಹೇಳಬಲ್ಲೆ. ಅವತ್ತು ಹೇಳಲಾಗುತ್ತಿರಲಿಲ್ಲ. ಅರ್ಧ ದಿನ ಅದಕ್ಕೇ ಹೋಯಿತು.

ಜಮ್ಮುವಿನಿಂದ ದೆಹಲಿ, ದೆಹಲಿಯಿಂದ ರೈಲು ಬದಲಿಸಿ ಹುಬ್ಬಳ್ಳಿ. ಅಲ್ಲಿಂದ ಹಾವೇರಿ, ರಾಣೆಬೆನ್ನೂರು. ಹರಿಹರದ ಹತ್ತಿರ ರೈಲು ತುಂಗಭದ್ರೆ ದಾಟುವಾಗ ಯಾವಾಗಲೂ ಬಾಗಿಲಿಗೆ ಬಂದು ನಿಲ್ಲುತ್ತಿದ್ದೆ. ಅವತ್ತು ಎದ್ದೇಳಲಿಲ್ಲ. ದಾವಣಗೆರೆ ಸ್ಟೇಷನ್ನಿನ ಹೊರಗೆ ಬಂದರೆ ಬೆಣ್ಣೆ ದೋಸೆ, ಮಂಡಕ್ಕಿ ಮಿರ್ಚಿ ವಾಸನೆ. ನಾಚಿಕೆ ಬಿಟ್ಟು ಹೇಳುತ್ತೇನೆ, ಬಾಯಲ್ಲಿ ನೀರು ಬಂತು. ಅಪ್ಪ ಸತ್ತಿದ್ದಾನೆ, ಬಾಯಿಗೆ ಅದು ಗೊತ್ತಿಲ್ಲ. ಬಸ್ಸಿನಲ್ಲಿ ದುರ್ಗ, ಅಲ್ಲಿಂದ ಚಳ್ಳಕೆರೆ. ಮಣ್ಣು ಆಗಲೇ ಮಾಡಿದ್ದರು. ಹಾಲು ತುಪ್ಪ ಮೂರನೇ ದಿನ ಬಿಡುವುದನ್ನು ನನಗಾಗಿ ಐದನೇ ದಿನಕ್ಕೆ ಇಟ್ಟುಕೊಂಡಿದ್ದರು.

ಕೊಟ್ಟಿಗೆ ಗೋಡೆಯಲ್ಲಿ ಮೊಳೆಗೆ ಒಂದು ತಂತಿ. ಅಪ್ಪ ರಸೀದಿ, ಬಿಲ್ಲು ಚುಚ್ಚಿ ಇಡುತ್ತಿದ್ದ ತಂತಿ. ಗೊಬ್ಬರದ ಬಿಲ್ಲಿನ ನಡುವೆ ನನ್ನ ಕಾಗದಗಳೂ ಇದ್ದವು. ಒಂದೂ ಬಿಟ್ಟಿಲ್ಲ. ಪ್ರತಿಯೊಂದರ ಮೇಲೆ ಬಂದ ತಾರೀಖು ಬರೆದಿದ್ದ.

ಈಗ ರಜೆ. ನಮ್ಮ ಕಾಲದಲ್ಲಿ ವರ್ಷಕ್ಕೆ 60 ದಿನ ವಾರ್ಷಿಕ ರಜೆ, 30 ದಿನ ಕ್ಯಾಶುಯಲ್. ಲೆಕ್ಕದಲ್ಲಿ ಮೂರು ತಿಂಗಳು. ಕೇಳಿದಾಗ ಸಿಗುತ್ತದೆ ಅಂತಲ್ಲ, ಒಟ್ಟಿಗೆ ಸಿಗುತ್ತದೆ ಅಂತಲೂ ಅಲ್ಲ. ಟ್ರಂಕು ಹೊತ್ತು ಊರಿನ ಬಸ್ ಸ್ಟಾಪಿನಲ್ಲಿ ಇಳಿದ ತಕ್ಷಣ ಸಿಗುವ ಮೊದಲ ಮಾತು ಯಾವುದು ಗೊತ್ತಾ? "ಯಾವಾಗ ಬಂದ್ಯಪ್ಪಾ? ಯಾವಾಗ ಹೋಗದು?" ಎರಡೂ ಒಂದೇ ಉಸಿರಲ್ಲಿ. ಪಾಪ, ಅವರ ಮನಸ್ಸಿನಲ್ಲಿ ಏನೂ ಇರುವುದಿಲ್ಲ. ಎರಡನೇ ಪ್ರಶ್ನೆ, "ಕ್ಯಾಂಟೀನ್ದು ಬಾಟ್ಲಿ ತಂದಿದ್ಯಾ?" ಅದರಲ್ಲಿ ಮಾತ್ರ ಮನಸ್ಸಿರುತ್ತದೆ.

ಮನೆಯಲ್ಲಿ ಮೊದಲ ವಾರ ನಾನೇ ನೆಂಟ. ನಾಲ್ಕೂವರೆಗೆ ಎಚ್ಚರ, ಕಂಬಳಿ ಅಂಚಿಗೆ ಅಂಚು. ಅವ್ವ ಕತ್ತಲಲ್ಲಿ ನಾನು ದಾಡಿ ಮಾಡುವುದು ನೋಡಿ "ಎಲ್ಲಿಗೆ ಹೊಂಟ್ಯೋ?" ಅಂತ ಗಾಬರಿ ಬೀಳುತ್ತಿದ್ದಳು. ಊಟ ಆದ ಮೇಲೆ ತಟ್ಟೆ ತೊಳೆಯಲು ಎದ್ದರೆ ತಂಗಿ ನಗುತ್ತಿದ್ದಳು. ಎರಡನೇ ವಾರದಲ್ಲಿ ಸರಿ ಹೋಗುತ್ತಿತ್ತು. ಮೂರನೇ ವಾರದಲ್ಲಿ ವಾಪಸ್ ಹೋಗುವ ದಿನ ಎಣಿಸುವುದು ಶುರು. ಹಾಗೆ ನೋಡಿದರೆ ಪೂರ್ತಿ ಮನೆಯಲ್ಲಿದ್ದದ್ದು ರಜೆಗೆ ಒಂದು ವಾರ.

ಈಗಿನ ಹುಡುಗರ ಮಾತು. ನನ್ನ ತಂಗಿ ಮಗ ಅಗ್ನಿವೀರ. ಅಗ್ನಿಪಥ ಅನ್ನುವ ಆ ಯೋಜನೆ 2022ರ ಜೂನ್‌ನಲ್ಲಿ ಬಂತು. ನಾಲ್ಕು ವರ್ಷದ ನೌಕರಿ, ಆಮೇಲೆ ಉಳಿಸಿಕೊಳ್ಳುವುದು ನೂರಕ್ಕೆ 25ರ ತನಕ. ವರ್ಷಕ್ಕೆ 30 ದಿನ ರಜೆ. ಯೋಜನೆ ಸರಿಯೋ ತಪ್ಪೋ ಅಂತ ನೀವು ಕೇಳುತ್ತೀರಿ, ಗೊತ್ತು. ನನ್ನ ಅಭಿಪ್ರಾಯ ಒಂದೇ, ರಜೆ ಕಮ್ಮಿ ಆಯಿತು. ಊರು ಬಿಟ್ಟು ಹೋಗುವವನಿಗೆ ಮೊದಲ ನಾಲ್ಕು ವರ್ಷವೇ ಕಷ್ಟ. ಅಲ್ಲೇ ಕಮ್ಮಿ ಮಾಡಿದರೆ ಹೇಗೆ?

ಅವನ ಕೈಯಲ್ಲಿ ಫೋನಿದೆ. ಅದಕ್ಕೂ ಕಟ್ಟುಪಾಡಿದೆ, 2020ರ ಜುಲೈನಲ್ಲಿ ಸೈನ್ಯದವರು ಫೇಸ್‌ಬುಕ್ ಸೇರಿ 89 ಆ್ಯಪ್ ತೆಗೆದುಹಾಕಬೇಕು ಅಂತ ಹುಕುಂ ಆಯಿತು. ಆದರೂ ವಿಡಿಯೋ ಕಾಲ್ ಇದೆ. ನಾನು ಒಳ್ಳೆಯದಾಯಿತು ಅಂದುಕೊಂಡಿದ್ದೆ. 2022ರಲ್ಲಿ ವಾಣಿವಿಲಾಸ ಸಾಗರ ಕೋಡಿ ಬಿತ್ತಲ್ಲ, 1933 ಆದ ಮೇಲೆ 89 ವರ್ಷಕ್ಕೆ! ನಮ್ಮ ಮುತ್ತಜ್ಜ ನೋಡಿದ್ದನ್ನು ನಾವು ನೋಡಿದೆವು. ಮಾರಿಕಣಿವೆಗೆ, ಅಂದರೆ ಆ ಅಣೆಕಟ್ಟೆಗೆ, ಜಿಲ್ಲೆಗೆ ಜಿಲ್ಲೆಯೇ ಹೋಯಿತು, ನಾವೂ ಟ್ರ್ಯಾಕ್ಟರಿನಲ್ಲಿ ಹೋದೆವು. 2025ರ ಜನವರಿಯಲ್ಲಿ ಮತ್ತೆ ಕೋಡಿ ಬಿದ್ದಾಗ ಇವನು ಉತ್ತರದಲ್ಲಿ ಎಲ್ಲೋ ಇದ್ದ. ತಂಗಿ ಅಲ್ಲಿಂದಲೇ ವಿಡಿಯೋ ಕಾಲ್ ಮಾಡಿ ನೀರು ತೋರಿಸಿದಳು. ಅವನು ಖುಷಿಯಿಂದ ನೋಡಿದ. ಸ್ವಲ್ಪ ಹೊತ್ತಿಗೆ "ಸಾಕು ಕಣಮ್ಮ, ಇಡು" ಅಂದ. ಅವಳಿಗೆ ಬೇಜಾರಾಯಿತು, ಮಗನಿಗೆ ಆಸೆಯೇ ಇಲ್ಲ ಅಂತ.

ರಾತ್ರಿ ಅವನು ನನಗೆ ಫೋನ್ ಮಾಡಿದ. "ಮಾವ, ನೀರಿನ ಸದ್ದು ಕೇಳಿಸ್ತು. ಎರಡರಿಂದ ನಾಲ್ಕು ಡ್ಯೂಟಿ ಐತೆ ಇವತ್ತು" ಅಂದ. ಅಷ್ಟೇ ಹೇಳಿದ. ನನಗೆ ಅರ್ಥವಾಯಿತು. ನಾನೂ ಜಾಸ್ತಿ ಮಾತಾಡಲಿಲ್ಲ. ಸಾಕ್ಸ್ ಎರಡು ಜೊತೆ ಹಾಕ್ಕೋ ಅಂದೆ.

ನನ್ನ ಮಾತು ಇಲ್ಲಿಗೆ ಮುಗಿದಿತ್ತು. ಪ್ರಶ್ನೆ ಕೇಳಿ ಅಂದರು. ಹಿಂದಿನ ಸಾಲಿನಿಂದ ಒಬ್ಬ ಹುಡುಗಿ ಎದ್ದಳು. ಮಿಲಿಟರಿ ಪೊಲೀಸ್‌ಗೆ ಹೆಣ್ಣುಮಕ್ಕಳನ್ನು ತೆಗೆದುಕೊಳ್ಳುತ್ತಾರಲ್ಲ, ಅದಕ್ಕೆ ಓಡುತ್ತಿದ್ದಾಳಂತೆ. ಬೆಳಗ್ಗೆ ಐದಕ್ಕೆ ಓಬವ್ವ ಸ್ಟೇಡಿಯಂನಲ್ಲಿ ಇರುತ್ತಾಳಂತೆ. "ಸಾರ್, ಹೋಗುವಾಗ ಮನೆಯಿಂದ ಏನು ತಗೊಂಡು ಹೋಗ್ಬೇಕು?" ಅಂದಳು.

ಒಳ್ಳೆ ಬೀಗ ತಗೋ ಅಂದೆ, ಎರಡು ಕೀಲಿ ಇರೋದು. ಒಂದು ಕೀಲಿ ಟ್ರಂಕಿನಲ್ಲೇ ಇಟ್ಟು ಬೀಗ ಹಾಕಬೇಡ, ನಾನು ಹಾಕಿದ್ದೇನೆ. ಬಟ್ಟೆ ಕ್ಲಿಪ್ಪು ಒಂದು ಡಜನ್, ಗಾಳಿಗೆ ಸಾಕ್ಸ್ ಹಾರಿ ಹೋಗುತ್ತವೆ. ಅಮ್ಮ ಚಟ್ನಿಪುಡಿ ಕೊಟ್ಟೇ ಕೊಡ್ತಾರೆ, ಬೇಡ ಅನ್ನಬೇಡ. ಗಾಜಿನ ಬಾಟಲಿ ಬೇಡ, ಸ್ಟೀಲ್ ಡಬ್ಬಿಯಲ್ಲಿ ಹಾಕಿಸ್ಕೋ.

"ಬೆಳ್ಳುಳ್ಳಿ?" ಅಂದಳು.

ಸ್ವಲ್ಪ ಕಮ್ಮಿ ಹಾಕೋಕೆ ಹೇಳು ಅಂದೆ.